ಹಿನ್ನೀರಿಗೆ ಮೀನಿಗೆ ಹೋದಾಗ ಒಂದಕ್ಕೆ, ಎರಡಕ್ಕೆ: ಯಾರಿಗೆ ಯಾವ ಏರ್ಪಾಡು ಸರಿ?

ಕೊಪ್ಪಳ ಜಿಲ್ಲೆಯ ಮುನಿರಾಬಾದ್ ಕಡೆಯಿಂದ ತುಂಗಭದ್ರಾ ಹಿನ್ನೀರಿಗೆ ಮೀನು ಹಿಡಿಯಲು ಹೋಗುವವರು ಬುತ್ತಿ ಕಟ್ಟಿಕೊಳ್ಳುವುದನ್ನು ಮರೆಯುವುದಿಲ್ಲ. ಗಾಳ, ಎರೆಹುಳ, ಹಿಟ್ಟಿನ ಉಂಡೆ, ಟಾರ್ಚು, ಮೊಬೈಲಿಗೊಂದು ಪ್ಲಾಸ್ಟಿಕ್ ಚೀಲ, ಎಲ್ಲ ನೆನಪಿರುತ್ತದೆ. ನಡುನೀರಿನಲ್ಲಿ ಒಂದಕ್ಕೆ ಅವಸರವಾದರೆ, ಹೊಟ್ಟೆ ಕೆಟ್ಟರೆ ಏನು ಮಾಡುವುದು ಎಂಬ ಮಾತು ಮಾತ್ರ ದಂಡೆ ಬಿಡುವ ಮುಂಚೆ ಯಾರ ಬಾಯಲ್ಲೂ ಬರುವುದಿಲ್ಲ. ನಾಚಿಕೆ ಒಂದು ಕಾರಣ. ‘ಇಷ್ಟು ದೊಡ್ಡ ನೀರು, ನಮ್ಮದೊಂದು ಹನಿ ಏನು ಮಾಡೀತು’ ಎಂಬ ಸಮಾಧಾನ ಇನ್ನೊಂದು. ಹರಗೋಲಿನಲ್ಲಿ, ಅಂದರೆ ಬಿದಿರಿನ ಗುಂಡನೆಯ ತೆಪ್ಪದಲ್ಲಿ, ಮೀನುಗಾರರ ಜೊತೆ ಕೂತು ಬಂದ ಹೆಂಗಸಾಗಿ ನಾನು ಈ ಎರಡನ್ನೂ ಬದಿಗಿಟ್ಟು ಬಿಚ್ಚಿ ಬರೆಯುತ್ತಿದ್ದೇನೆ.

ದಾರಿಗಳೇನೋ ಹಲವಿವೆ. ಎಲ್ಲವೂ ಎಲ್ಲರಿಗೂ ಒಗ್ಗುವುದಿಲ್ಲ. ಗಂಡಸಿಗೆ ಸುಲಭವಾದದ್ದು ಹೆಂಗಸಿಗೆ ಆಗದು, ಫೈಬರ್ ದೋಣಿಗೆ ಹೊಂದುವುದು ಹರಗೋಲಿಗೆ ಹೊಂದದು, ಎರಡು ತಾಸು ಗಾಳ ಹಾಕಿ ಬರುವವರಿಗೆ ಸಾಕಾಗುವುದು ರಾತ್ರಿಯೆಲ್ಲ ಬಲೆ ಕಾಯುವವರಿಗೆ ಸಾಲದು. ಆರಿಸಿಕೊಳ್ಳುವಾಗ ನಾನು ನೋಡುವುದು ಮೂರು ಮಾತು. ನೀರಿಗೆ ಏನೂ ಬೀಳಬಾರದು. ದೋಣಿಯಲ್ಲಿ ಯಾರೂ ಎದ್ದು ನಿಲ್ಲುವಂತಾಗಬಾರದು. ಯಾರೂ ತಡೆದುಕೊಂಡು ಕೂರುವಂತಾಗಬಾರದು. ಈ ಮೂರರಲ್ಲಿ ಒಂದು ತಪ್ಪಿದರೂ ಆ ಏರ್ಪಾಡು ನನ್ನ ಲೆಕ್ಕದಲ್ಲಿ ಕೆಲಸದ್ದಲ್ಲ.

ಇದು ನಮ್ಮ ನಳದ ನೀರು

ಮಳೆಗಾಲದಲ್ಲಿ ಡ್ಯಾಂ ತುಂಬಿ ನಿಂತಾಗ ಹಿನ್ನೀರು ಮುನ್ನೂರು ಚದರ ಕಿಲೋಮೀಟರಿಗೂ ಮಿಕ್ಕಿ ಹರಡಿರುತ್ತದೆ. ಆಗ ‘ದೊಡ್ಡ ನೀರು’ ಎಂಬ ಮಾತು ನಿಜವೇ ಅನ್ನಿಸುತ್ತದೆ. ಅದೇ ನೀರನ್ನು ಏಪ್ರಿಲ್, ಮೇ ತಿಂಗಳಲ್ಲಿ ನೋಡಿ. ಎಡದಂಡೆ, ಬಲದಂಡೆ ಕಾಲುವೆಗಳಿಗೆ ಹರಿದು, ಬಿಸಿಲಿಗೆ ಆರಿ, ತಗ್ಗುಗಳಿಗೆ ಇಳಿದಿರುತ್ತದೆ. ಅಣೆಕಟ್ಟೆ 1953ರಲ್ಲಿ ಮುಗಿದ ಕಾಲಕ್ಕೆ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದದ್ದು ಹೂಳು ತುಂಬಿ ಈಗ 105.788 ಟಿಎಂಸಿಗೆ ಬಂದಿದೆ. ಬೇಸಿಗೆಯಲ್ಲಿ ತಳದಲ್ಲಿ ಉಳಿದದ್ದನ್ನು ಕುಡಿಯಲಿಕ್ಕೆಂದು ಕಾಯ್ದಿಡುತ್ತಾರೆ. ಮೀನು ಒಂದೆಡೆ ಕೂಡಿಕೊಳ್ಳುವುದೂ, ದೋಣಿಗಳು ಒತ್ತೊತ್ತಾಗಿ ನಿಲ್ಲುವುದೂ ಅದೇ ಕಾಲದಲ್ಲಿ.

ಎಡದಂಡೆ ಕಾಲುವೆ ಗಂಗಾವತಿ, ಕಾರಟಗಿ ಭಾಗ ದಾಟಿ ಸಿಂಧನೂರು, ಮಾನ್ವಿ ಕಡೆ ಹೋಗುತ್ತದೆ. ದಾರಿಯುದ್ದಕ್ಕೂ ಎಷ್ಟೋ ಊರುಗಳ ಕುಡಿಯುವ ನೀರಿನ ಕೆರೆ ತುಂಬುವುದು ಅದರಿಂದಲೇ. ಬಲದಂಡೆಯ ನೀರು ಬಳ್ಳಾರಿ ಸೀಮೆಗೆ. ಅಷ್ಟು ದೂರ ಹೋಗುವುದೂ ಬೇಡ. ಮೀನುಗಾರರೇ ಹರಗೋಲಿನ ಪಕ್ಕದಲ್ಲಿ ಚರಿಗೆ ಅದ್ದಿ ಕುಡಿಯುತ್ತಾರೆ, ಅದೇ ನೀರಲ್ಲಿ ಮೀನು ತೊಳೆಯುತ್ತಾರೆ, ಅದೇ ನೀರಲ್ಲಿ ಅನ್ನಕ್ಕೆ ಇಡುತ್ತಾರೆ. ನೀವು ಬಿಟ್ಟದ್ದು ಮೊದಲು ತಲುಪುವುದು ಬಳ್ಳಾರಿಯ ನಳಕ್ಕಲ್ಲ, ಗಾಳಿ ಬೀಸುವ ದಿಕ್ಕಿನಲ್ಲಿರುವ ಪಕ್ಕದ ಹರಗೋಲಿಗೆ. ಟೈಫಾಯ್ಡ್, ಕಾಲರಾ, ಆಮಶಂಕೆ, ಒಂದು ಬಗೆಯ ಕಾಮಾಲೆ, ಜಂತುಹುಳ, ಎಲ್ಲವೂ ಮಲದಿಂದ ಬಾಯಿಗೆ ಬರುವವು, ನೀರೇ ಅವಕ್ಕೆ ಸವಾರಿ.

ಮೂತ್ರದ ಮಾತು ಬೇರೆ, ಅದನ್ನು ಮಲದಷ್ಟೇ ಅಪಾಯ ಎಂದು ಹೆದರಿಸುವುದು ಸರಿಯಲ್ಲ. ಆರೋಗ್ಯವಂತರ ಮೂತ್ರದಿಂದ ರೋಗ ಹರಡುವುದು ಕಡಿಮೆ. ಆದರೆ ಅದರಲ್ಲಿ ಸಾರಜನಕ, ರಂಜಕ ಎರಡೂ ಇವೆ. ಕೆಲವು ವರ್ಷ ಹಿನ್ನೀರು ಹಸಿರುಗಟ್ಟಿ ನಿಲ್ಲುವುದನ್ನು ನಮ್ಮ ಕಡೆಯವರೆಲ್ಲ ಕಂಡಿದ್ದಾರೆ. ಆ ಪಾಚಿಗೆ ಮೇವು ಇವೇ. ಹೊಲದ ಗೊಬ್ಬರ, ಊರಿನ ಚರಂಡಿಯ ಮುಂದೆ ದೋಣಿಯವರ ಪಾಲು ಚಿಕ್ಕದು ನಿಜ, ಆದರೂ ನಮ್ಮ ಕೈಯಲ್ಲಿ ಇರುವುದು ನಮ್ಮ ಪಾಲಷ್ಟೇ. ಹಾಗಾಗಿ ಎರಡಕ್ಕೆ ಹೋಗುವ ವಿಷಯದಲ್ಲಿ ರಿಯಾಯಿತಿ ಇಲ್ಲ. ಒಂದರ ವಿಷಯದಲ್ಲಿ ಮುಂದೆ ನೋಡುವಂತೆ ಮುಖ್ಯ ಭಯ ಬೇರೆಯೇ ಇದೆ.

ತಡೆದುಕೊಳ್ಳುವುದು ಏರ್ಪಾಡಲ್ಲ

ಹಿನ್ನೀರಿನ ಮೀನುಗಾರರಲ್ಲಿ ಗಂಡ ಹುಟ್ಟು ಹಾಕಿದರೆ ಹೆಂಡತಿ ಬಲೆ ಎಳೆಯುತ್ತಾಳೆ. ದಂಡೆಯಲ್ಲಿ ಬಲೆ ಬಿಡಿಸುತ್ತ ಕೂತಿದ್ದ ಒಬ್ಬಾಕೆ ನನಗೆ ಹೇಳಿದ್ದು ಇಷ್ಟೇ: “ನೀರ್ ಕುಡದ್ರ ಒಂದಕ್ಕ ಬರ್ತದ ನೋಡ್ರಿ ಅಕ್ಕಾ. ಅದಕ್ಕ ದಂಡಿಗೆ ಬರೂತನಕ ಕುಡಿಯಂಗೇ ಇಲ್ಲ.” ಹೊರಗೆ ನಲವತ್ತು ಡಿಗ್ರಿ ದಾಟಿದ ಬಿಸಿಲು. ನೀರಿನ ಮೇಲೆ ಅದು ಎರಡು ಕಡೆಯಿಂದ ಹೊಡೆಯುತ್ತದೆ, ಮೇಲಿನಿಂದಲೂ ಕೆಳಗಿನಿಂದಲೂ.

ಬಹಳ ಹೆಂಗಸರು ಆರಿಸಿಕೊಳ್ಳುವ ದಾರಿ ಇದು. ಖರ್ಚಿಲ್ಲ, ನಾಚಿಕೆಯಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕೇ ಇದನ್ನು ಹೋಲಿಕೆಯಲ್ಲಿ ಸೇರಿಸಬೇಕು, ಸೇರಿಸಿ ತೆಗೆದುಹಾಕಬೇಕು. ತಾಸುಗಟ್ಟಲೆ ತಡೆದರೆ, ನೀರು ಬಿಟ್ಟರೆ ಉರಿಮೂತ್ರ, ಮೂತ್ರದ ಸೋಂಕು, ಕಿಡ್ನಿ ಕಲ್ಲಿಗೆ ದಾರಿಯಾಗುತ್ತದೆ. ಬಸುರಿಯರಲ್ಲಿ ಸೋಂಕು ಇನ್ನೂ ಕೆಟ್ಟದ್ದು. ಬಿಸಿಲಲ್ಲಿ ನೀರಿಲ್ಲದೆ ತಲೆ ಸುತ್ತಿದರೆ ಕೂತಿರುವುದು ಮನೆಯ ಕಟ್ಟೆಯ ಮೇಲಲ್ಲ, ಹರಗೋಲಿನ ಅಂಚಿನಲ್ಲಿ. ಗಂಡಸರಲ್ಲಿ ಪ್ರಾಸ್ಟೇಟ್ ತೊಂದರೆ ಇರುವವರಿಗೆ, ಸಕ್ಕರೆ ಕಾಯಿಲೆಯವರಿಗೆ ತಡೆಯಲಿಕ್ಕೇ ಆಗುವುದಿಲ್ಲ. ಅಂಥವರು ಮೀನಿಗೆ ಹೋಗುವುದನ್ನೇ ಬಿಟ್ಟಿರುವುದನ್ನು ನೋಡಿದ್ದೇನೆ. ಬಿಡಬೇಕಾಗಿಲ್ಲ, ಒಂದು ಡಬ್ಬಿ ಸಾಕು.

ಹೊರಡುವ ಮುಂಚೆ ಮನೆಯಲ್ಲೇ ಮುಗಿಸಿಕೊಂಡು ಬರುವುದು ಒಳ್ಳೆಯದೇ. ನಸುಕಿನ ನಾಲ್ಕಕ್ಕೆ ಎದ್ದು ಹೊರಡುವವರ ಹೊಟ್ಟೆ ಆ ಹೊತ್ತಿಗೆ ಏಳುವುದಿಲ್ಲ, ಬಿಸಿ ಚಹಾ ಹೋದ ಮೇಲೆ, ದೋಣಿಯಲ್ಲಿ ಕೂತ ಮೇಲೆ ಏಳುತ್ತದೆ. ಹಿಂದಿನ ರಾತ್ರಿ ಖಾರದ ಎಸರು, ಮಿರ್ಚಿ ಭಜಿ ಬಿಟ್ಟು, ಬೆಳಿಗ್ಗೆ ಅರ್ಧ ತಾಸು ಬೇಗ ಎದ್ದು ಬಿಸಿನೀರು ಕುಡಿದರೆ ಅರ್ಧ ಕೆಲಸ ಮನೆಯಲ್ಲೇ ಆದೀತು. ಉಳಿದರ್ಧಕ್ಕೆ ದೋಣಿಯಲ್ಲಿ ಏನಾದರೂ ಇರಲೇಬೇಕು.

ಅಂಚಿನ ಮೇಲೆ ನಿಂತು ನೀರಿಗೆ

ಗಂಡಸರ ರೂಢಿ ಇದು. ಇದರಲ್ಲಿ ನೀರು ಹೊಲಸಾಗುವುದಕ್ಕಿಂತ ದೊಡ್ಡ ಭಯ ಜೀವದ್ದು. ಹರಗೋಲು ಬಿದಿರಿನ ಸೀಳು ಹೆಣೆದು, ಮೇಲೆ ತಾಡಪಾಲು ಇಲ್ಲವೇ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿದ ಗುಂಡನೆಯ ತೆಪ್ಪ. ಮುಂದು ಹಿಂದು ಇಲ್ಲ, ತಳದಲ್ಲಿ ನೆಟ್ಟಗೆ ಹಿಡಿಯುವ ದಿಂಡಿಲ್ಲ. ನಡುವೆ ಕೂತರೆ ಅಷ್ಟು ಗಟ್ಟಿಯಾದ ವಾಹನ ಇನ್ನೊಂದಿಲ್ಲ. ಅಂಚಿಗೆ ಬಂದು ಎದ್ದು ನಿಂತರೆ ಇಡೀ ಭಾರ ಒಂದು ಕಡೆ, ಅದೂ ಎತ್ತರದಲ್ಲಿ. ಜೊತೆಗೆ ಹರಗೋಲು ತಿರುಗುತ್ತದೆ. ಎರಡೂ ಕೈ ಬಟ್ಟೆಯ ಮೇಲೆ, ಕಣ್ಣು ಕೆಳಗೆ. ಆಗ ಒಂದು ಅಲೆ ಬಡಿದರೆ ಹಿಡಿದುಕೊಳ್ಳಲು ಏನೂ ಇಲ್ಲ. ಜೂನ್‌ನಿಂದ ಬೀಸುವ ಪಡುವಣ ಗಾಳಿಗೆ ಹಿನ್ನೀರಿನಲ್ಲಿ ಏಳುವ ಅಲೆ ಕಂಡವರಿಗೆ ಇದು ಬಿಡಿಸಿ ಹೇಳಬೇಕಿಲ್ಲ.

ಹಳೆಯ ಅಂಬಿಗರು ಹೊಸಬರಿಗೆ ಹೇಳುವ ಮೊದಲ ಮಾತೇ ಇದು: “ಅಣ್ಣಾ, ನಿಂದ್ರಬ್ಯಾಡ್ರಿ, ಕುಂತಲ್ಲೇ ಮಾಡ್ರಿ.” ಫೈಬರ್ ದೋಣಿ ಉದ್ದವಿರುತ್ತದೆ ಎಂದು ಧೈರ್ಯ ಮಾಡುವವರಿದ್ದಾರೆ. ಅದು ಅಡ್ಡಕ್ಕೆ ಇನ್ನೂ ಬೇಗ ವಾಲುತ್ತದೆ. ರಾತ್ರಿ ಹೊತ್ತಲ್ಲಂತೂ ಜೊತೆಗಾರ ನಿದ್ದೆಯಲ್ಲಿದ್ದಾಗ ನೀವು ಬಿದ್ದದ್ದು ಯಾರಿಗೂ ತಿಳಿಯುವುದಿಲ್ಲ. ಲೈಫ್ ಜಾಕೆಟ್ ಬಿಚ್ಚುವುದೂ ಸಾಮಾನ್ಯವಾಗಿ ಇದೇ ಹೊತ್ತಿಗೆ, ಬಟ್ಟೆಗೆ ಅಡ್ಡ ಬರುತ್ತದೆ ಅಂತ. ಈ ದಾರಿಯನ್ನು ನಾನು ಯಾರಿಗೂ ಹೇಳಲಾರೆ.

ದಂಡೆಗೆ ಮರಳುವುದು

ನೋಡಲಿಕ್ಕೆ ಎಲ್ಲಕ್ಕಿಂತ ಸರಿಯಾದ ದಾರಿ. ಹೋಗಿ, ಮುಗಿಸಿ, ಮರಳಿ ಬರುವುದು. ಎರಡು ಮೂರು ತಾಸು ದಂಡೆಯ ಹತ್ತಿರವೇ ಗಾಳ ಹಾಕುವವರಿಗೆ, ದೋಣಿ ನಿಲ್ಲುವ ಬಂದರಿನ ಬಳಿ ಸಾರ್ವಜನಿಕ ಶೌಚಾಲಯವೋ ಪರಿಚಯದವರ ಮನೆಯೋ ಇದ್ದವರಿಗೆ ಇದೇ ಸಾಕು, ಮುಂದಿನದು ಓದಬೇಕಾಗಿಲ್ಲ. ಆದರೆ ನಮ್ಮ ಹಿನ್ನೀರಿಗೆ ಒಂದು ಗುಣವಿದೆ, ಅದನ್ನು ತಿಳಿಯದೆ ದಂಡೆ ನಂಬಿದರೆ ನೀರಿಗೆ ಹಾಕಿದಷ್ಟೇ ಆಯಿತು.

ಜಲಾಶಯದ ತುಂಬು ಮಟ್ಟ 1633 ಅಡಿ. ಬೇಸಿಗೆಯಲ್ಲಿ ನೀರು ಅದಕ್ಕಿಂತ ಹತ್ತಾರು ಅಡಿ ಕೆಳಗಿಳಿದಾಗ ಎಕರೆಗಟ್ಟಲೆ ನೆಲ ಬಯಲಾಗುತ್ತದೆ. ಬಿರುಕುಬಿಟ್ಟ ಹೂಳು, ನಡುನಡುವೆ ಜಾಲಿ ಕಂಟಿ, ಅಲ್ಲಲ್ಲಿ ಯಾರೋ ಬಿತ್ತಿದ ಬೆಳೆ. ಆ ಬಯಲಿನಲ್ಲಿ ಕೂತು ಮಣ್ಣು ಮುಚ್ಚಿ ಬಂದರೆ ‘ನೀರಿಂದ ದೂರ ಹೋಗಿ ಬಂದೆ’ ಎಂಬ ಸಮಾಧಾನ ಸಿಗುತ್ತದೆ. ಜುಲೈ, ಆಗಸ್ಟಿನಲ್ಲಿ ಮಲೆನಾಡಿನ ಮಳೆ ಬಂದು ಡ್ಯಾಂ ಏರಿದಾಗ ಆ ನೆಲವೆಲ್ಲ ಮತ್ತೆ ಮುಳುಗುತ್ತದೆ. ಹೂತದ್ದು ಅರ್ಧಂಬರ್ಧ ಕೊಳೆತದ್ದು ನೀರಿಗೇ ಸೇರುತ್ತದೆ. ಬಯಲಲ್ಲಿ ಹೊರಕಡೆಗೆ ಕೂರುವವರಿಗೆ ಸಾಮಾನ್ಯವಾಗಿ ಹೇಳುವ ಲೆಕ್ಕ, ನೀರಿನಿಂದ 200 ಅಡಿ ದೂರ, 6ರಿಂದ 8 ಇಂಚು ಆಳದ ಗುಂಡಿ. ನಮ್ಮಲ್ಲಿ ಆ 200 ಅಡಿಯನ್ನು ಇವತ್ತಿನ ನೀರಿನ ಅಂಚಿನಿಂದ ಅಳೆಯಬಾರದು, ತುಂಬು ನೀರಿನ ಗೆರೆಯಿಂದ ಅಳೆಯಬೇಕು. ಗೆರೆ ಗುರುತಿಸುವುದು ಕಷ್ಟವಲ್ಲ. ಬಂಡೆಗಳ ಮೇಲೆ ಬಿಳಿಚಿದ ಪಟ್ಟಿ ಇರುತ್ತದೆ, ಅದರ ಮೇಲೆ ಕಲ್ಲಿನ ಬಣ್ಣ ಕಪ್ಪಾಗುತ್ತದೆ. ಕಂಟಿಗಳಲ್ಲಿ ಹಳೆಯ ಬಲೆಯ ಚೂರು, ಕಸಕಡ್ಡಿ ಸಿಕ್ಕಿಕೊಂಡ ಎತ್ತರ ಕಾಣುತ್ತದೆ. ಅದರ ಮೇಲಕ್ಕೆ ಹೋಗಬೇಕು.

ಬೇಸಿಗೆಯಲ್ಲಿ ಅಷ್ಟು ದೂರ ಹೋಗುವುದೆಂದರೆ ಮೊದಲು ಕೆಸರು. ಮೇಲೆ ಒಣಗಿದಂತೆ ಕಂಡರೂ ನೀರಿನ ಅಂಚಿನ ಹೂಳು ಮೊಣಕಾಲತನಕ ಇಳಿಸಿಕೊಳ್ಳುತ್ತದೆ. ಅವಸರದಲ್ಲಿರುವವರಿಗೆ ಅದು ಆಗದ ಮಾತು. ಮಳೆಗಾಲದಲ್ಲಿ ಕಥೆ ಉಲ್ಟಾ: ನೀರು ಹೊಲದ ಬದುವಿಗೇ ಬಂದಿರುತ್ತದೆ, ಇಳಿದ ಜಾಗವೇ ಯಾರದೋ ಬೆಳೆ.

ಇನ್ನು ಪ್ರಾಣಿಗಳ ಮಾತು. ತುಂಗಭದ್ರೆಯಲ್ಲಿ, ರಾಯಚೂರಿನ ಕೃಷ್ಣೆಯಲ್ಲಿ ಮೊಸಳೆ ಇವೆ. ನೀರಂಚಿನಲ್ಲಿ ಬೆನ್ನು ಹಾಕಿ ಕುಕ್ಕರಗಾಲಲ್ಲಿ ಕೂರುವುದು, ಮುಗಿಸಿ ನೀರಿಗೆ ಬಗ್ಗಿ ತೊಳೆದುಕೊಳ್ಳುವುದು ಅವಕ್ಕೆ ಸಿಕ್ಕಿಕೊಳ್ಳುವ ರೀತಿ. ಕತ್ತಲಲ್ಲಂತೂ ಬೇಡವೇ ಬೇಡ. ಕಂಟಿಯಲ್ಲಿ ಕೊಳಕುಮಂಡಲ, ಕಲ್ಲಡಿ ಚೇಳು. ಟಾರ್ಚು, ಕಾಲಲ್ಲಿ ಮೆಟ್ಟು, ಕೈಯಲ್ಲಿ ಕೋಲು ಇಲ್ಲದೆ ಇಳಿಯಬೇಡಿ. ತೊಳೆದುಕೊಳ್ಳುವ ನೀರನ್ನು ಚರಿಗೆಯಲ್ಲೋ ಕ್ಯಾನಿನಲ್ಲೋ ಮೇಲಕ್ಕೇ ಒಯ್ಯಬೇಕು.

ಡ್ಯಾಂ ಕೆಳಗಿನ ನದಿಯವರಿಗೆ ಒಂದು ಮಾತು. ಅಣೆಕಟ್ಟೆಯಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ಹರಿವು 2015ರಿಂದ ನೀರುನಾಯಿ ಸಂರಕ್ಷಣಾ ಮೀಸಲು. ನೀರುನಾಯಿ ಹಿಂಡಿಗೆ ಬಂಡೆಗಳ ಮೇಲೆ ಗೊತ್ತಾದ ಹೊಲಸಿನ ಜಾಗಗಳಿರುತ್ತವೆ, ಎಲ್ಲವೂ ಅಲ್ಲಿಗೇ ಬಂದು ಹೋಗುತ್ತವೆ. ಆ ವಾಸನೆಯೇ ಅವುಗಳ ನಡುವಿನ ಸುದ್ದಿ. ಮೀನಿನ ಮುಳ್ಳು, ಪೊರೆ ಕಾಣುವ ಹಿಕ್ಕೆ ಇರುವ ಬಂಡೆ ಕಂಡರೆ ಅದರ ಮರೆಗೆ ಹೋಗಬೇಡಿ.

ಒಂದಕ್ಕೆ: ಬಾಟಲಿಯೋ, ಪಾಟೋ, ಬಕೆಟೋ

ಗಂಡಸರಿಗೆ ಮುಚ್ಚಳದ ಡಬ್ಬಿಗಿಂತ ಸುಲಭವಾದದ್ದು ಇಲ್ಲ. ತಂಪು ಪಾನೀಯದ ಬಾಟಲಿಯ ಬಾಯಿ ಸಣ್ಣದು, ಅಲುಗಾಡುವ ದೋಣಿಯಲ್ಲಿ ಅರ್ಧ ಹೊರಗೆ ಹೋಗುತ್ತದೆ. ಉಪ್ಪಿನಕಾಯಿಯ ದೊಡ್ಡ ಪ್ಲಾಸ್ಟಿಕ್ ಡಬ್ಬಿ, ತಿರುಪು ಮುಚ್ಚಳದ್ದು, ಅಗಲ ಬಾಯಿಯದ್ದು ಸರಿ. ಗಾಜಿನದ್ದು ಬೇಡ. ದೊಡ್ಡವರ ಮೂತ್ರಕೋಶ ತುಂಬಿದಾಗ ಸುಮಾರು ಅರ್ಧ ಲೀಟರ್ ಹಿಡಿದಿರುತ್ತದೆ. ಹಾಗಾಗಿ ಒಂದು ಲೀಟರಿನ ಡಬ್ಬಿ ಎರಡು ಸಲಕ್ಕೆ, ರಾತ್ರಿ ಉಳಿಯುವವರಿಗೆ ಎರಡು ಲೀಟರಿನದು. ಡಬ್ಬಿಗೆ ಕೆಂಪು ಬಟ್ಟೆಯ ಚೂರು ಬಿಗಿದು ಕಟ್ಟಿ. ಕತ್ತಲಲ್ಲಿ ಕುಡಿಯುವ ನೀರಿನ ಬಾಟಲಿ ಅಂತ ಯಾರೂ ಎತ್ತಿಕೊಳ್ಳಬಾರದು.

ಮೆಡಿಕಲ್ ಅಂಗಡಿಯಲ್ಲಿ ಹಾಸಿಗೆ ಹಿಡಿದವರಿಗೆಂದು ಸಿಗುವ ಯೂರಿನ್ ಪಾಟ್ ಇದಕ್ಕಿಂತ ಒಂದು ಮೆಟ್ಟಿಲು ಮೇಲು. ಕುತ್ತಿಗೆ ಓರೆಯಾಗಿರುವುದರಿಂದ ಕೂತಲ್ಲೇ ಬಳಸಬಹುದು, ಹಿಡಿಕೆ ಇದೆ, ಎಷ್ಟಾಯಿತೆಂದು ಹೊರಗಿಂದ ಕಾಣುತ್ತದೆ. ಕೊರತೆ ಮುಚ್ಚಳದ್ದು. ಸಾಮಾನ್ಯವಾಗಿ ಮೇಲೆ ಕೂರಿಸುವ ಮುಚ್ಚಳ ಅಷ್ಟೇ, ತಿರುಪಿಲ್ಲ. ಉರುಳಿದರೆ ಬುತ್ತಿಯ ಕಡೆಗೇ ಹರಿಯುತ್ತದೆ. ನಾನು ಹೇಳುವುದು ಪಾಟಿನಲ್ಲಿ ಮಾಡಿ ತಿರುಪಿನ ಡಬ್ಬಿಗೆ ಸುರಿದಿಡಿ. ವಯಸ್ಸಾದವರಿಗೆ, ಮಂಡಿನೋವಿನವರಿಗೆ ಪಾಟೇ ವಾಸಿ. ಉಳಿದ ಗಂಡಸರಿಗೆ ಡಬ್ಬಿ ಸಾಕು.

ಹೆಂಗಸರಿಗೆ ಆನ್‌ಲೈನಿನಲ್ಲಿ, ದೊಡ್ಡ ಮೆಡಿಕಲ್ ಅಂಗಡಿಗಳಲ್ಲಿ ನಿಂತು ಮಾಡಲು ಅನುಕೂಲವಾಗುವ ಕೊಳವೆ ಸಿಗುತ್ತದೆ. ಒಮ್ಮೆ ಬಳಸಿ ಎಸೆಯುವ ಮೇಣ ಬಳಿದ ಕಾಗದದ್ದು, ತೊಳೆದು ಮತ್ತೆ ಬಳಸುವ ಸಿಲಿಕಾನಿನದ್ದು. ಪ್ರಯಾಣದಲ್ಲಿ ಒಳ್ಳೆಯದು. ಹರಗೋಲಿಗೆ ಅಷ್ಟು ಹೊಂದದು: ಅದು ಮಾಡಿರುವುದೇ ನಿಲ್ಲುವವರಿಗೆ, ನಾವು ನಿಲ್ಲಬಾರದು. ಮಂಡಿಯ ಮೇಲೆ ಕೂತು ಡಬ್ಬಿಗೆ ಹಿಡಿಯಬಹುದು, ಅದಕ್ಕೆ ಮನೆಯಲ್ಲಿ ಬಚ್ಚಲಲ್ಲಿ ನಾಲ್ಕು ಸಲ ರೂಢಿ ಮಾಡಿಕೊಂಡಿರಬೇಕು. ಸೀರೆಯಲ್ಲಿ ಅದು ಕೈಗೆ ಬರುವುದು ಕಷ್ಟ, ಪೈಜಾಮದಲ್ಲಿ ಇನ್ನೂ ಕಷ್ಟ.

ನನ್ನ ಮಾತು ಕೇಳುವುದಾದರೆ ಹೆಂಗಸು ಇರುವ ದೋಣಿಯಲ್ಲಿ ಒಂದಕ್ಕೂ ಎರಡಕ್ಕೂ ಬಕೆಟ್ಟೇ ಇರಲಿ. ಬಕೆಟ್ ಕಣ್ಣಿಗೆ ಕಾಣುವಂತೆ ದೋಣಿಯಲ್ಲಿ ಇದ್ದರೆ ಆಕೆ ಧೈರ್ಯವಾಗಿ ನೀರು ಕುಡಿಯುತ್ತಾಳೆ. ಇದನ್ನು ಗಂಡಸರು ತಾವಾಗಿ ತಂದಿಡಬೇಕು. ಕೇಳಲಿ ಎಂದು ಕಾಯಬೇಡಿ, ಆಕೆ ಕೇಳುವುದಿಲ್ಲ. ಮುಟ್ಟಿನ ದಿನಗಳಲ್ಲಿ ಪ್ಯಾಡು, ಬಟ್ಟೆ ಬದಲಿಸಲಿಕ್ಕೂ ಬಕೆಟ್ಟಿಗೆಂದು ಮುಂದೆ ಹೇಳುವ ಮರೆಬಟ್ಟೆ, ಚೀಲಗಳೇ ನೆರವಿಗೆ ಬರುತ್ತವೆ.

ಮುಚ್ಚಳದ ಬಕೆಟ್

ಗೋಡೆ ಬಣ್ಣದ ಖಾಲಿ ಬಕೆಟ್, 20 ಲೀಟರಿನದ್ದು, ಬಿಗಿಯಾದ ಮುಚ್ಚಳವಿರುವುದು. ಪೇಂಟ್ ಅಂಗಡಿಯಲ್ಲೋ ಪೇಂಟರ್ ಹತ್ತಿರವೋ ಅಗ್ಗಕ್ಕೆ ಸಿಗುತ್ತದೆ. ನೀರು ಹಿಡಿಯುವ ತೆಳು ಬಕೆಟ್ ಬೇಡ, ಭಾರಕ್ಕೆ ಸೀಳುತ್ತದೆ. ಅಂಚು ತೊಡೆಗೆ ಕೊರೆಯುತ್ತದೆ, ಅದಕ್ಕೆ ಹಳೆಯ ಸೈಕಲ್ ಟೈರಿನ ಒಳ ಟ್ಯೂಬನ್ನು ಉದ್ದಕ್ಕೆ ಸೀಳಿ ಅಂಚಿನ ಸುತ್ತ ಹಾಕಿ. ಒಳಗೆ ಎರಡು ಕಸದ ಚೀಲ, ಒಂದರೊಳಗೊಂದು, ಬಾಯಿ ಹೊರಕ್ಕೆ ಮಡಚಿ. ತಳಕ್ಕೆ ಎರಡು ಹಿಡಿ ಬೂದಿ ಮೊದಲೇ ಹಾಕಿರಬೇಕು.

ಬೂದಿಗೆ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ. ಗಂಗಾವತಿ, ಕಾರಟಗಿಯ ರೈಸ್ ಮಿಲ್ಲುಗಳಲ್ಲಿ ಭತ್ತದ ಹೊಟ್ಟು ಸುಟ್ಟ ಬೂದಿ ಗುಡ್ಡೆ ಬಿದ್ದಿರುತ್ತದೆ. ಒಲೆಯ ಕಟ್ಟಿಗೆ ಬೂದಿ ಇನ್ನೂ ಒಳ್ಳೆಯದು, ಕ್ಷಾರ ಹೆಚ್ಚು, ವಾಸನೆ ಬೇಗ ಹಿಡಿಯುತ್ತದೆ. ಮರ ಕೊಯ್ಯುವ ಅಡ್ಡೆಯ ಹೊಟ್ಟಿನ ಪುಡಿ ಬೆರೆಸಿದರೆ ತೇವವನ್ನೂ ಹೀರುತ್ತದೆ. ಪೂರ್ತಿ ಆರಿದ ಬೂದಿಯೇ ಇರಲಿ, ಕೆಂಡದ ಚೂರು ಒಂದಿದ್ದರೂ ಚೀಲ ತೂತಾಗುತ್ತದೆ. ಒಂದು ಡಬ್ಬಿಯಲ್ಲಿ ತುಂಬಿ ಪಕ್ಕದಲ್ಲಿಡಿ, ಪ್ರತಿ ಸಲ ಮೇಲೆ ಎರಡು ಹಿಡಿ.

ದೋಣಿಯಲ್ಲಿ ಇಡುವ ಜಾಗ ಮುಖ್ಯ. ಹರಗೋಲಿನ ನಟ್ಟನಡುವೆ, ಕೆಳಗೆ ಒದ್ದೆ ಗೋಣಿತಾಟು ಹಾಸಿ, ಬಕೆಟ್ ಜಾರದಂತೆ. ಕೂರುವವರು ಅಂಚಿನ ಕಡೆಗೆ ಹೋಗಲೇಬಾರದು. ಉಳಿದವರು ಅಲ್ಲಲ್ಲೇ ಕೂತು ಹೊರಕ್ಕೆ ಮುಖ ಮಾಡಿದರೆ ಭಾರವೂ ಸಮ, ಮರ್ಯಾದೆಯೂ ಸಮ. ತಲೆಯ ಮೇಲಿಂದ ದೊಡ್ಡ ಲುಂಗಿ ಹೊಲಿದ ಮರೆಬಟ್ಟೆ ಇಳಿಬಿಟ್ಟುಕೊಂಡರೆ ಕುತ್ತಿಗೆಯಿಂದ ಕೆಳಗೆ ಏನೂ ಕಾಣುವುದಿಲ್ಲ. ಕೊಡೆ ಹಿಡಿಯುವವರಿದ್ದಾರೆ, ಗಾಳಿ ಇದ್ದರೆ ಬೇಡ, ದೋಣಿಯನ್ನೇ ತಿರುಗಿಸುತ್ತದೆ. ಹುಟ್ಟು ಹಾಕುವವರು ಆ ಹೊತ್ತಿಗೆ ಹರಗೋಲು ತಿರುಗದಂತೆ ಹಿಡಿದು ಸುಮ್ಮನಿರಬೇಕು. ಮೀನು ಹಾಕುವ ಬುಟ್ಟಿಯೂ ಬುತ್ತಿಯೂ ಬಕೆಟ್ಟಿನಿಂದ ಸಾಧ್ಯವಾದಷ್ಟು ದೂರ.

ಬೂದಿಯ ಬದಲು ಜೆಲ್ ಪುಡಿಯ ಚೀಲ ಆನ್‌ಲೈನಿನಲ್ಲಿ ಸಿಗುತ್ತದೆ. ಅದರಲ್ಲಿರುವುದು ಮಕ್ಕಳ ಡೈಪರಿನಲ್ಲಿ ಇರುವಂಥ, ನೀರು ಹೀರಿ ಗಟ್ಟಿಯಾಗುವ ಪುಡಿ. ಬಕೆಟ್ ಮಗುಚಿದರೂ ಚೆಲ್ಲುವುದಿಲ್ಲ ಎಂಬುದು ದೊಡ್ಡ ಗುಣ. ವರ್ಷಕ್ಕೆ ಎರಡು ಮೂರು ಸಲ ಮನೆಮಂದಿಯೆಲ್ಲ ಹೋಗುವವರಿಗೆ ಇದನ್ನೇ ಹೇಳುತ್ತೇನೆ. ದಿನಾ ಹೋಗುವವರಿಗೆ ಖರ್ಚು ತಾಳುವುದಿಲ್ಲ, ಮತ್ತೆ ಆ ಜೆಲ್ ಸಂಡಾಸಿನ ಗುಂಡಿಗೂ ಹಾಕುವಂಥದ್ದಲ್ಲ. ದಿನದ ಕೆಲಸಕ್ಕೆ ಬೂದಿಯೇ ಸರಿ.

ನೀರಿನ ಟ್ಯಾಂಕು, ಹೊಲಸಿನ ಟ್ಯಾಂಕು ಎರಡೂ ಕೂಡಿದ ಎತ್ತಿಡುವ ಟಾಯ್ಲೆಟ್ ಅಂತ ಇನ್ನೊಂದಿದೆ. ಕೆಳಗಿನ ಟ್ಯಾಂಕು ಹತ್ತಿಪ್ಪತ್ತು ಲೀಟರ್ ಹಿಡಿಯುತ್ತದೆ, ಬೆಲೆ ಸಾವಿರಗಳಲ್ಲಿ. ಮೇಲ್ಚಾವಣಿ, ಮೋಟಾರು ಇರುವ ದೊಡ್ಡ ದೋಣಿಗೆ ಸರಿ. ಹರಗೋಲಿನಲ್ಲಿ ಅದು ಒಬ್ಬ ಮನುಷ್ಯನ ಜಾಗ ತಿನ್ನುತ್ತದೆ. ದೊಡ್ಡವರ ಡೈಪರ್ ಕಾಯಿಲೆಯವರಿಗೆ ಆಸರೆ, ಬೇಸಿಗೆಯಲ್ಲಿ ತಾಸುಗಟ್ಟಲೆ ಹಾಕಿಕೊಂಡರೆ ಚರ್ಮ ಕೆರೆದುಹೋಗುತ್ತದೆ.

ಯಾರಿಗೆ ಯಾವುದು

ಒಬ್ಬಿಬ್ಬರು ಗಂಡಸರು ಬೆಳಿಗ್ಗೆ ದಂಡೆಯ ಹತ್ತಿರ ಗಾಳ ಹಾಕಿ ಹನ್ನೊಂದಕ್ಕೆಲ್ಲ ಮರಳುವುದಾದರೆ ತಿರುಪು ಡಬ್ಬಿ ಒಂದು, ಅವಸರಕ್ಕೆ ಒಂದು ಜೆಲ್ ಚೀಲ ಮಡಚಿ ಜೇಬಿನಲ್ಲಿ. ಇಷ್ಟರಲ್ಲಿ ಮುಗಿಯುತ್ತದೆ. ಸಂಜೆ ಬಲೆ ಬಿಟ್ಟು ನಸುಕಿಗೆ ಎತ್ತುವವರು, ಗಂಡ ಹೆಂಡತಿ ಕೂಡಿ ದುಡಿಯುವವರು ಬೂದಿ ಬಕೆಟ್ ಇಟ್ಟುಕೊಳ್ಳಲಿ. ಅದನ್ನು ಬಲೆ, ಹುಟ್ಟಿನ ಹಾಗೆ ಹರಗೋಲಿನ ಸಾಮಾನಾಗಿಯೇ ಎಣಿಸಲಿ. ಮೀನುಗಾರರ ಸೊಸೈಟಿಯವರು ಬಲೆ, ಲೈಫ್ ಜಾಕೆಟ್ ಕೇಳುವಾಗ ಬಂದರಿಗೊಂದು ಶೌಚಾಲಯವನ್ನೂ ಕೇಳಲಿ, ಹೆಂಗಸರ ಬಾಯಿಂದಲೇ ಕೇಳಿಸಲಿ. ನಡುಗಡ್ಡೆಯಲ್ಲಿ ಇಡೀ ದಿನ ಅಡುಗೆ ಮಾಡಿ ಉಂಡು ಬರುವ ಗುಂಪಿಗೆ ಎರಡು ಬಕೆಟ್ ಬೇಕು. ನಡುಗಡ್ಡೆ ನೋಡಲಿಕ್ಕೆ ನೆಲವಾದರೂ ತುಂಬು ಗೆರೆಯ ಕೆಳಗೇ ಇರುವುದು ಹೆಚ್ಚು, ಅಲ್ಲಿ ಹೂಳುವುದು ನೀರಿಗೆ ಹಾಕಿದಂತೆಯೇ. ಮಕ್ಕಳು ಇದ್ದರೆ ದಂಡೆಯಲ್ಲೇ ಬಕೆಟ್ ತೋರಿಸಿ, ಒಮ್ಮೆ ಕೂರಿಸಿ ರೂಢಿ ಮಾಡಿಸಿ. ನಡುನೀರಿನಲ್ಲಿ ಮೊದಲ ಸಲ ಕಂಡರೆ ಹೆದರಿ ತಡೆದುಕೊಳ್ಳುತ್ತವೆ.

ಭೇದಿ ಶುರುವಾಗಿರುವವರು ಆ ದಿನ ದೋಣಿ ಹತ್ತಬಾರದು. ನಡುವೆ ಶುರುವಾದರೆ ಬಲೆ ಬಿಟ್ಟು ದಂಡೆಗೆ ತಿರುಗಿಸಿ, ಬುತ್ತಿಚೀಲದಲ್ಲಿ ಓಆರ್‌ಎಸ್ ಪಾಕೀಟು ಎರಡು ಇರಲಿ.

ಕೈ, ಆಮೇಲೆ ಖಾಲಿ ಮಾಡುವುದು

ಮೀನಿನ ಲೋಳೆ ಮೆತ್ತಿದ ಕೈಗೆ ಸ್ಯಾನಿಟೈಸರ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಸೋಪು ಬೇಕು, ಮನೆಯಿಂದ ತಂದ ಐದು ಲೀಟರ್ ನೀರು ಬೇಕು. ತೊಳೆದ ನೀರು ಬಕೆಟ್ಟಿಗೇ ಬೀಳಲಿ. ಒಬ್ಬರು ಸುರಿಯಬೇಕು, ಒಬ್ಬರು ತೊಳೆಯಬೇಕು, ಇಲ್ಲದಿದ್ದರೆ ಹೊಲಸು ಕೈ ಕ್ಯಾನಿಗೆ, ಕ್ಯಾನಿಂದ ಬುತ್ತಿಗೆ.

ದಂಡೆಗೆ ಬಂದ ಮೇಲೆ ಡಬ್ಬಿಯಲ್ಲಿರುವ ಮೂತ್ರವನ್ನು ತುಂಬು ಗೆರೆಯ ಮೇಲಿನ ಒಣ ನೆಲಕ್ಕೆ ಸುರಿಯಿರಿ. ಮನೆಗೆ ಒಯ್ಯುವವರು ಒಂದು ಪಾಲಿಗೆ ಹತ್ತು ಪಾಲು ನೀರು ಬೆರೆಸಿ ಬಾಳೆ, ತೆಂಗಿನ ಬುಡಕ್ಕೆ ಹಾಕಬಹುದು, ಯೂರಿಯಾ ಅದರಲ್ಲೇ ಇದೆ. ಬೂದಿ ಬಕೆಟ್ಟಿನಲ್ಲಿರುವುದನ್ನು ಮನೆಯ ಸಂಡಾಸಿಗೆ ಸುರಿಯಬೇಕು. ಹಳ್ಳಿಗಳಲ್ಲಿ ಸ್ವಚ್ಛ ಭಾರತ ಯೋಜನೆ 2014ರಲ್ಲಿ ಶುರುವಾದ ಮೇಲೆ ಕಟ್ಟಿಸಿದ ಜೋಡಿ ಗುಂಡಿಯ ಸಂಡಾಸಾದರೆ ಬೂದಿ ಅಷ್ಟು ಹೋದರೆ ತೊಂದರೆಯಿಲ್ಲ. ಪ್ಲಾಸ್ಟಿಕ್ ಚೀಲ ಮಾತ್ರ ಒಳಗೆ ಹೋಗಬಾರದು, ಪೈಪು ಕಟ್ಟಿಕೊಳ್ಳುತ್ತದೆ, ಗುಂಡಿ ಇಂಗುವುದು ನಿಲ್ಲುತ್ತದೆ. ಖಾಲಿ ಚೀಲ, ಜೆಲ್ ಚೀಲ, ಪ್ಯಾಡು, ಡೈಪರು ಇವನ್ನು ಹಳೆ ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ, ಕಸದ ಗಾಡಿಯವರಿಗೆ ಬೇರೆಯಾಗಿಯೇ ಕೊಡಿ. ಅವರೂ ಕೈಯಲ್ಲೇ ಎತ್ತುತ್ತಾರೆ. ಬಕೆಟ್ಟನ್ನು ಬ್ಲೀಚಿಂಗ್ ಪುಡಿ ಕಲಸಿದ ನೀರಿನಲ್ಲಿ ಉಜ್ಜಿ, ಆ ನೀರನ್ನೂ ಸಂಡಾಸಿಗೇ ಹಾಕಿ, ಮುಚ್ಚಳ ತೆಗೆದು ದಿನವೆಲ್ಲ ಬಿಸಿಲಿಗೆ ಬಿಡಿ. ಟ್ಯೂಬಿನ ಸಂದಿಯಲ್ಲಿ ಹೊಲಸು ಉಳಿಯುತ್ತದೆ, ಅದನ್ನು ಬಿಚ್ಚಿಯೇ ತೊಳೆಯಬೇಕು.